ಪಕ್ಕದಲ್ಲಿ ಜೈಲು, ತಲೆ ಮೇಲೆ ವಿಮಾನ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದ ಪಕ್ಕದ ಕೂಡಿಗೆ ಕಡೆ ಸಣ್ಣ ವಿಮಾನ ಇಳಿಯುವ ಏರ್‌ಸ್ಟ್ರಿಪ್ ಆಗುತ್ತದಂತೆ ಎಂಬ ಮಾತು ಎದ್ದಾಗಲೆಲ್ಲ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಜೈಲಿನ ಹತ್ತಿರ ಸೈಟ್ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದಾಗಲೂ ಹಾಗೆಯೇ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಇಷ್ಟು ಜನರ ಜೊತೆ ಮಾತಾಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಜೈಲಾಗಲಿ, ಏರ್‌ಸ್ಟ್ರಿಪ್ ಆಗಲಿ, ನಾವು ಹೆದರುವುದು ಒಂದಕ್ಕೆ, ನಮಗೆ ತಟ್ಟುವುದು ಇನ್ನೊಂದು. ಗೋಡೆ ಎಲ್ಲಿ ಬರುತ್ತದೆ, ಮಳೆ ನೀರು ಯಾವ ಕಡೆ ಹೋಗುತ್ತದೆ, ಯಾವ ಹೊತ್ತಿಗೆ ಯಾರು ಹಾರುತ್ತಾರೆ ಎಂಬಂಥ ಸಣ್ಣ ವಿಷಯಗಳೇ ನೆರೆಯವರ ದಿನವನ್ನು ಬದಲಿಸುತ್ತವೆ. ಅವು ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ತೀರ್ಮಾನ ಆಗಿರುತ್ತವೆ. ನಾವು ಕೇಳಬೇಕಾದ್ದೂ ಆಗಲೇ.

## ಮೊದಲು ಕೇಳುವ ಪ್ರಶ್ನೆಗಳು

ಕೊಡಗಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಈಗಿಂದಲೇ ಯಾಕೆ ತಲೆಬಿಸಿ?

ಇಲ್ಲ, ನಿಜ. ಮಡಿಕೇರಿಯವರು ಮಂಗಳೂರಿನ ಬಜ್ಪೆಗೋ ಮೈಸೂರಿನ ಮಂಡಕಳ್ಳಿಗೋ ಹೋಗುತ್ತಾರೆ. 2018ರ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಆ ನಿಲ್ದಾಣವಿರುವ ಮಟ್ಟನ್ನೂರು ಹತ್ತಿರವಾಗಿದೆ. ಆದರೆ ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ ಸಣ್ಣ ವಿಮಾನ, ಹೆಲಿಕಾಪ್ಟರ್ ಇಳಿಯುವ ಏರ್‌ಸ್ಟ್ರಿಪ್ ಮಾಡುವ ಪ್ರಸ್ತಾಪ ಹಲವು ವರ್ಷಗಳಿಂದ ಓಡಾಡುತ್ತಿದೆ. ಕೆಲಸ ಶುರುವಾದ ಮೇಲೆ ಕೇಳಿದರೆ "ಪ್ಲಾನ್ ಆಗಿಹೋಗಿದೆ" ಎಂಬ ಉತ್ತರ ಸಿಗುತ್ತದೆ. ಮಾತು ಇನ್ನೂ ಮಾತಾಗಿರುವಾಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಜೈಲಿನ ಪಕ್ಕ ಸೈಟ್ ಕಡಿಮೆಗೆ ಸಿಗ್ತಿದೆ. ಕಳ್ಳರ ಕಾಟ ಜಾಸ್ತಿ ಇರುತ್ತಾ?

ಜೈಲಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಇದು. ಜೈಲಿನ ಒಳಗಿರುವವರು ಒಳಗೇ ಇರುತ್ತಾರೆ. ಹೊರಗೆ ಹಗಲು ರಾತ್ರಿ ಕಾವಲು, ದೀಪ, ಪೊಲೀಸ್ ಗಾಡಿ ಓಡಾಟ ಇರುತ್ತದೆ. ಮನೆ ಕಳ್ಳತನ ಮಾಡುವವರು ಇಂಥ ಜಾಗ ಹುಡುಕಿಕೊಂಡು ಬರುವುದಿಲ್ಲ. ಅಮೆರಿಕದಲ್ಲಿ ಜೈಲಿನ ನೆರೆಯ ಊರುಗಳ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಜೈಲು ಬಂದದ್ದರಿಂದಲೇ ಅಪರಾಧ ಹೆಚ್ಚಿತು ಎಂಬುದು ಅವುಗಳಲ್ಲಿ ಗಟ್ಟಿಯಾಗಿ ಕಂಡುಬಂದಿಲ್ಲ.

ನಮ್ಮ ಮಡಿಕೇರಿಯನ್ನೇ ನೋಡಿ. ಬಹಳ ಕಾಲ ಜೈಲು ಇದ್ದದ್ದು ಕೋಟೆಯೊಳಗೆ, ಪೇಟೆಯ ನಡುವೆ. ಅದೇ ಕೋಟೆಯಲ್ಲಿ ಗಣಪತಿಗೆ ಈಡುಗಾಯಿ ಒಡೆಯಲು ಜನ ಬರುತ್ತಿದ್ದರು, ಹಳೇ ಚರ್ಚಿನ ಮ್ಯೂಸಿಯಂ ನೋಡುತ್ತಿದ್ದರು, ಲೈಬ್ರರಿಯಲ್ಲಿ ಪೇಪರ್ ಓದುತ್ತಿದ್ದರು. ಜೈಲಿದೆ ಎಂದು ಯಾರೂ ದೇವಸ್ಥಾನಕ್ಕೆ ಹೋಗುವುದು ಬಿಡಲಿಲ್ಲ.

ಜೈಲಲ್ಲಿ ಇರೋರೆಲ್ಲ ಕೊಲೆ ಮಾಡಿದವರೇ ಅಲ್ವಾ?

ಅಲ್ಲ. ಜಿಲ್ಲಾ ಕಾರಾಗೃಹದಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನ ಕೈದಿಗಳು. ಅಂದರೆ ಕೇಸು ಇನ್ನೂ ತೀರ್ಮಾನ ಆಗದವರು. ದೇಶದ ಲೆಕ್ಕವೂ ಹಾಗೇ ಇದೆ. 2022ರ ಸರ್ಕಾರಿ ಅಂಕಿಅಂಶದ ಪ್ರಕಾರ ಭಾರತದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ದೊಡ್ಡ ಶಿಕ್ಷೆ ಆದವರನ್ನು ಸಾಮಾನ್ಯವಾಗಿ ಮೈಸೂರಿನಂಥ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಜಾಮೀನಿಗೆ ದುಡ್ಡಿಲ್ಲದೆ, ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದ ತೋಟದ ಕೆಲಸಗಾರರೂ ಅಲ್ಲಿರುತ್ತಾರೆ. ಪಕ್ಕದ ಮನೆಯವರು ಇದನ್ನು ತಿಳಿದಿದ್ದರೆ ಗೇಟಿನ ಹೊರಗೆ ನಿಂತ ಹೆಂಡತಿ ಮಕ್ಕಳನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಚಿಕ್ಕ ವಿಮಾನಕ್ಕೆ ಸದ್ದೂ ಚಿಕ್ಕದೇ ಇರುತ್ತಲ್ವಾ?

ಒಂದು ಸಲ ಹಾರಿ ಹೋದರೆ ಹೌದು. ತೊಂದರೆ ಇರುವುದು ಎಷ್ಟು ಸಲ ಹಾರುತ್ತದೆ ಎಂಬುದರಲ್ಲಿ. ದಿನಕ್ಕೆ ಎರಡು ಸಲ ಬಂದು ಹೋಗುವ 70 ಸೀಟಿನ ವಿಮಾನಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಅದೇ ಜಾಗದಲ್ಲಿ ಹಾರಾಟ ಕಲಿಸುವ ಶಾಲೆ ಬಂದರೆ ಕತೆ ಬೇರೆ. ಕಲಿಯುವವರು ರನ್‌ವೇ ಮುಟ್ಟಿ ಮತ್ತೆ ಮೇಲೇರಿ, ಊರನ್ನು ಒಂದು ಸುತ್ತು ಹಾಕಿ ಮತ್ತೆ ಮುಟ್ಟುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ದಾರಿ, ಅದೇ ಮನೆಗಳ ಮೇಲೆ. ಹೆಲಿಕಾಪ್ಟರಿನ ಸದ್ದು ಇನ್ನೊಂದು ಬಗೆ. ಅದು ಕಿಟಕಿ ಗಾಜನ್ನೇ ಅಲುಗಿಸುತ್ತದೆ, ಗುಡ್ಡಗಳ ನಡುವಿನ ಕೊಲ್ಲಿಯಲ್ಲಿ ತುಂಬಿಕೊಳ್ಳುತ್ತದೆ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಶಾಲೆ, ಆಸ್ಪತ್ರೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40. ಡೆಸಿಬಲ್ ಲೆಕ್ಕದಲ್ಲಿ 10 ಜಾಸ್ತಿಯಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಕೇಳಿಸುತ್ತದೆ. ಹಾಗಾಗಿ 65 ಎಂದರೆ 55ಕ್ಕಿಂತ "ಸ್ವಲ್ಪ ಜಾಸ್ತಿ" ಅಲ್ಲ. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ಬೇರೆ ಶಾಲೆಗಳೂ ಇವೆ. ಅವುಗಳ ಹೆಸರು ಹಿಡಿದೇ ಕೇಳಬೇಕು.

## ದಿನದ ಬದುಕು

ಜೈಲಿನ ಪಕ್ಕ ಹೋದ ಮೇಲೆ ಮೊಬೈಲ್ ಸಿಗ್ನಲ್ಲೇ ಬರ್ತಿಲ್ಲ. ಇದಕ್ಕೂ ಜೈಲಿಗೂ ಸಂಬಂಧ ಇದೆಯಾ?

ಇರಬಹುದು. ನನ್ನ ಲೆಕ್ಕದಲ್ಲಿ ಜೈಲಿನ ನೆರೆಯವರಿಗೆ ಆಗುವ ದೊಡ್ಡ ತೊಂದರೆಯೇ ಇದು. ಕಳ್ಳತನ ಅಲ್ಲ. ಒಳಗೆ ಕದ್ದು ಫೋನ್ ಬಳಸದಂತೆ ಜಾಮರ್ ಹಾಕುತ್ತಾರೆ. ಜಾಮರಿಗೆ ಗೋಡೆ ಎಲ್ಲಿ ಮುಗಿಯಿತು ಎಂಬುದು ಗೊತ್ತಾಗುವುದಿಲ್ಲ. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಜೈಲು ಪೇಟೆಯ ಮಧ್ಯದಲ್ಲೇ ಇದೆ. ಅಲ್ಲಿ ಜಾಮರಿನಿಂದ ಸುತ್ತಲಿನ ಮನೆ, ಅಂಗಡಿಗಳಿಗೆ ನೆಟ್‌ವರ್ಕ್ ಇಲ್ಲವೆಂದು 2025ರಲ್ಲಿ ಜನ ಬೀದಿಗಿಳಿದರು. ಬೆಂಗಳೂರಿನ ಪರಪ್ಪನ ಅಗ್ರಹಾರದ ಸುತ್ತಲಿನವರೂ ಇದೇ ದೂರು ಹೇಳಿದ್ದಾರೆ.

ಕೊಡಗಿನಲ್ಲಿ ಇದು ಇನ್ನೂ ಬಿಸಿ ಮುಟ್ಟಿಸುತ್ತದೆ. ಮೊದಲೇ ಗುಡ್ಡದ ಮರೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅದರ ಮೇಲೆ ಜಾಮರ್ ಬಂದರೆ ರಾತ್ರಿ ಆಂಬ್ಯುಲೆನ್ಸಿಗೆ ಫೋನ್ ಮಾಡುವುದು ಹೇಗೆ? ಸೈಟ್ ನೋಡಲು ಹೋದಾಗ ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನ್ ಹಿಡಿದು, ಸೈಟಿನ ನಾಲ್ಕೂ ಮೂಲೆಯಲ್ಲಿ ನಿಂತು ಕರೆ ಮಾಡಿ. ಹಗಲೊಮ್ಮೆ, ಸಂಜೆಯೊಮ್ಮೆ. ಈಗಾಗಲೇ ಅಲ್ಲಿ ಇರುವವರು ಕಾರಾಗೃಹದ ಅಧೀಕ್ಷಕರಿಗೂ ಜಿಲ್ಲಾಧಿಕಾರಿಗೂ ಒಟ್ಟಾಗಿ ಬರೆದು ಕೊಡಿ. ಆಂಟೆನಾದ ದಿಕ್ಕು, ಶಕ್ತಿ ಎರಡನ್ನೂ ಹೊಂದಿಸಲು ಬರುತ್ತದೆ. ಅಷ್ಟರವರೆಗೆ ತಂತಿಯ ಇಂಟರ್ನೆಟ್ ಹಾಕಿಸಿಕೊಂಡು ವೈಫೈ ಮೇಲೆ ಕರೆ ಮಾಡುವುದು ಒಂದು ದಾರಿ.

ಮುಲಾಖಾತ್‌ಗೆ ಅಂತ ಕೈದಿಗಳನ್ನು ನೋಡೋಕೆ ಬರೋ ಜನ ನಮ್ಮ ಗೇಟಿನ ಮುಂದೆಯೇ ಕೂತಿರ್ತಾರೆ. ಏನು ಮಾಡೋದು?

ಅವರಿಗೆ ಕೂರಲು ಬೇರೆ ಜಾಗ ಇಲ್ಲ, ಅದಕ್ಕೇ. ಸೋಮವಾರಪೇಟೆಯ ಆಚೆಯಿಂದಲೋ ಪೊನ್ನಂಪೇಟೆ ಕಡೆಯಿಂದಲೋ ಬೆಳಗಿನ ಬಸ್ಸಿಗೆ ಬಂದವರು, ಕೈಯಲ್ಲಿ ಮಗು, ಮೇಲೆ ಮಳೆ. ಜೈಲಿನ ಹೊರಗೆ ಮಾಡು ಇರುವ ತಂಗುದಾಣ, ಶೌಚಾಲಯ, ಕುಡಿಯುವ ನೀರು ಇದ್ದರೆ ಈ ತಕರಾರು ಅರ್ಧ ಮುಗಿಯಿತು. ಇದನ್ನು ಗ್ರಾಮಸಭೆಯಲ್ಲೋ ನಗರಸಭೆಯಲ್ಲೋ ನೆರೆಯವರೇ ಕೇಳಬೇಕು. ಜೈಲಿಗೆ ಬಂದವರಿಗೆ ಹಾಗೆ ಕೇಳುವ ಧೈರ್ಯ ಇರುವುದಿಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಎದುರಿನ ಮರವೇ ಕಾಣಲ್ಲ. ವಿಮಾನ ಹೇಗೆ ಹಾರುತ್ತೆ?

ಉಪಕರಣಗಳಿಲ್ಲದ ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ಪೈಲಟ್ ಕಣ್ಣಿಂದ ನೋಡಿಯೇ ಇಳಿಯಬೇಕು. ಅದಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು, ಹಗಲಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಂಜು, ಮಳೆಯಲ್ಲಿ ಅಂಥ ಹೊತ್ತು ಕಡಿಮೆ. ಮಡಿಕೇರಿ, ಭಾಗಮಂಡಲಕ್ಕಿಂತ ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ನೆಲವೂ ಹೆಚ್ಚು ಸಮತಟ್ಟು. ಪ್ರಸ್ತಾಪ ಆ ಕಡೆಗೇ ಬಂದದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅನಿಸುತ್ತದೆ.

ಇದರಿಂದ ನೆರೆಯವರಿಗೆ ತಿಳಿಯುವುದು ಏನೆಂದರೆ, ಹಾರಾಟ ವರ್ಷವಿಡೀ ಸಮನಾಗಿ ಹಂಚಿರುವುದಿಲ್ಲ. ಮಳೆಗಾಲದಲ್ಲಿ ಸುಮ್ನೆ ಇದ್ದು, ಅಕ್ಟೋಬರ್‌ನಿಂದ ಮೇವರೆಗೆ ಒತ್ತಾಗಿ ಬರುತ್ತದೆ. ಪ್ರವಾಸಿಗರ ಕಾಲವೂ ಅದೇ, ಕಾಫಿ ಕೊಯ್ಲೂ ಅದೇ, ಮಕ್ಕಳ ಪರೀಕ್ಷೆಯೂ ಅದೇ. "ವರ್ಷದ ಸರಾಸರಿ ಸದ್ದು ಇಷ್ಟೇ" ಎಂದು ಯಾರಾದರೂ ತೋರಿಸಿದರೆ ಫೆಬ್ರವರಿಯ ಲೆಕ್ಕ ಎಷ್ಟು ಎಂದು ಕೇಳಿ.

ಏರ್‌ಸ್ಟ್ರಿಪ್ ಬಂದರೆ ಹಂದಿ, ಕೋಳಿ ಅಂಗಡಿ ಮುಚ್ಚಿಸ್ತಾರಂತೆ. ನಿಜವಾ?

ಮುಚ್ಚಿಸಲೇಬೇಕೆಂದಿಲ್ಲ. ಆದರೆ ಈಗಿನಂತೆ ನಡೆಸಲು ಆಗುವುದಿಲ್ಲ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ಇದೆ. ಅದರ ಪ್ರಕಾರ ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಸುತ್ತ ಹಕ್ಕಿಗಳನ್ನು ಸೆಳೆಯುವಂತೆ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಮಾಂಸ ಮೀನಿನ ಅಂಗಡಿ ಅಥವಾ ಹೋಟೆಲಿನ ಕಸ ಸುರಿಯುವುದು ನಿಷೇಧ. ಹದ್ದು, ಕಾಗೆ, ಕೊಕ್ಕರೆ ಎಂಜಿನ್ನಿಗೆ ಸಿಕ್ಕಿದರೆ ವಿಮಾನಕ್ಕೇ ಅಪಾಯ, ಅದಕ್ಕೆ.

ಕೂಡಿಗೆಯಿಂದ 10 ಕಿಲೋಮೀಟರ್ ಎಂದರೆ ಕುಶಾಲನಗರ ಪೇಟೆ ಪೂರ್ತಿ ಒಳಗೆ ಬರುತ್ತದೆ, ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆಯೂ ಬರುತ್ತದೆ. ಹಂದಿ ಮಾಂಸದ ಪಂದಿ ಕರಿ ಇಲ್ಲದ ಭಾನುವಾರ ನಮಗಿಲ್ಲ. ಹಾಗಾಗಿ ಮುಚ್ಚಿದ ಕಸಾಯಿಖಾನೆ, ತ್ಯಾಜ್ಯ ದಿನಾ ಒಯ್ಯುವ ಗಾಡಿ, ಅದನ್ನು ಹೂಳುವ ಅಥವಾ ಸಂಸ್ಕರಿಸುವ ಜಾಗ ಇವೆಲ್ಲ ಬೇಕಾಗುತ್ತವೆ. ಖರ್ಚು ಯಾರದು? ಒಬ್ಬೊಬ್ಬ ಅಂಗಡಿಯವನ ತಲೆಗೆ ಕಟ್ಟುವುದು ಅನ್ಯಾಯ, ಯೋಜನೆಯ ಖರ್ಚಿನಲ್ಲೇ ಇದು ಸೇರಬೇಕು. ಊರಿನ ಕಸದ ಗುಂಡಿಗೂ ಇದೇ ಕತೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ತುಂಬುವ ಜಾಗ ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರ ಇರಬೇಕು ಎಂದಿತ್ತು. ವಿಶೇಷ ಸಂದರ್ಭದಲ್ಲಿ ಮಾತ್ರ, ಒಪ್ಪಿಗೆ ಪಡೆದು, 10ರಿಂದ 20 ಕಿಲೋಮೀಟರ್ ನಡುವೆ ಮಾಡಬಹುದಿತ್ತು. ಕಸ ಎಲ್ಲಿ ಹಾಕುವುದೆಂದು ಈಗಲೇ ಜಾಗ ಸಿಗದ ಊರುಗಳಿಗೆ ಇಂಥ ನಿಯಮ ಸಣ್ಣ ವಿಷಯ ಅಲ್ಲ.

ನಮ್ಮ ಹಬ್ಬಗಳಾದ ಪುತ್ತರಿಗೆ, ಕೈಲ್‌ಪೊಳ್ದ್‌ಗೆ ಗುಂಡು ಹೊಡೆಯೋದು ನಿಲ್ಲಿಸಬೇಕಾಗುತ್ತಾ?

ಕೊಡವರಿಗೂ ಜಮ್ಮಾ (ವಂಶದಲ್ಲಿ ಬಂದ ಜಮೀನಿನ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ, 2029ರವರೆಗೆ. ಪಕ್ಕದಲ್ಲಿ ಜೈಲೋ ಏರ್‌ಸ್ಟ್ರಿಪ್ಪೋ ಬಂದರೆ ಆ ವಿನಾಯಿತಿ ಹೋಗುವುದಿಲ್ಲ. ಆದರೆ ಅದು ಇಟ್ಟುಕೊಳ್ಳುವ ವಿಷಯ, ಎಲ್ಲೆಂದರಲ್ಲಿ ಹಾರಿಸುವುದಕ್ಕೆ ಕೊಟ್ಟ ಅನುಮತಿ ಅಲ್ಲ. 2019ರ ಆಯುಧ ಕಾಯ್ದೆ ತಿದ್ದುಪಡಿಯಂತೆ ಸಮಾರಂಭದಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಜೈಲಿನ ಹತ್ತಿರ ರಾತ್ರಿ ಗುಂಡಿನ ಸದ್ದು ಕೇಳಿದರೆ ಕಾವಲಿನವರು ಅದನ್ನು ಪುತ್ತರಿ ಎಂದುಕೊಳ್ಳುವುದಿಲ್ಲ. ಬೇರೆ ಜಿಲ್ಲೆಯಿಂದ ಬಂದ ಸಿಬ್ಬಂದಿಗೆ ನಮ್ಮ ಪದ್ಧತಿ ಗೊತ್ತಿರುವುದಿಲ್ಲ. ಹಬ್ಬದ ದಿನ, ಕದಿರು ತೆಗೆಯುವ ಹೊತ್ತು ಎರಡನ್ನೂ ಒಕ್ಕದ (ಒಂದೇ ವಂಶದ ಮನೆತನದ) ಹಿರಿಯರು ಠಾಣೆಗೂ ಜೈಲಿನ ಕಚೇರಿಗೂ ಮೊದಲೇ ಬರೆದು ತಿಳಿಸಿದರೆ ಗಾಬರಿ ಇರುವುದಿಲ್ಲ.

ತೋಟಕ್ಕೆ ಡ್ರೋನ್‌ನಲ್ಲಿ ಔಷಧಿ ಹೊಡೆಸ್ತೀವಿ. ಅದಕ್ಕೆ ತೊಂದರೆ ಆಗುತ್ತಾ?

ಆಗುತ್ತದೆ. 2021ರ ಡ್ರೋನ್ ನಿಯಮಗಳಲ್ಲಿ ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಬೇಲಿಯಿಂದ 5ರಿಂದ 8 ಕಿಲೋಮೀಟರ್ ವರೆಗೆ ಹಳದಿ ವಲಯ. ಅಲ್ಲಿ ವಿಮಾನ ಸಂಚಾರ ನಿಯಂತ್ರಣದ ಒಪ್ಪಿಗೆ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 60 ಮೀಟರ್ ಎತ್ತರದವರೆಗೆ ಅಡ್ಡಿ ಇಲ್ಲ, ಔಷಧಿ ಹೊಡೆಯಲು ಅಷ್ಟು ಸಾಕು. ಬೇಲಿಗೆ ಅದಕ್ಕಿಂತ ಹತ್ತಿರ ಇದ್ದರೆ ಸಾಮಾನ್ಯವಾಗಿ ಕೆಂಪು ವಲಯ. ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ಡ್ರೋನ್ ನಕ್ಷೆಯಲ್ಲಿ ನಿಮ್ಮ ತೋಟ ಯಾವ ಬಣ್ಣದಲ್ಲಿದೆ ಎಂದು ನೋಡಬಹುದು. ಜೈಲಿನ ಗೋಡೆಯ ಹತ್ತಿರವೂ ಡ್ರೋನ್ ಹಾರಿಸಲು ಹೋಗಬೇಡಿ.

ವಿಮಾನದ ಪೆಟ್ರೋಲಲ್ಲಿ ಸೀಸ ಇರುತ್ತಂತೆ. ಮಕ್ಕಳಿಗೆ ಅಪಾಯವಾ?

ಇದು ಸುಮ್ನೆ ಎಬ್ಬಿಸಿದ ಭಯ ಅಲ್ಲ. ಕಾರಿನ ಥರದ ಪಿಸ್ಟನ್ ಎಂಜಿನ್ ಇರುವ ಸಣ್ಣ ತರಬೇತಿ ವಿಮಾನಗಳು ಏವ್‌ಗ್ಯಾಸ್ ಎಂಬ ಪೆಟ್ರೋಲ್ ಬಳಸುತ್ತವೆ. ಅದರಲ್ಲಿ ಸೀಸ ಸೇರಿರುತ್ತದೆ. ರಸ್ತೆ ಮೇಲಿನ ಪೆಟ್ರೋಲಿನಿಂದ ನಮ್ಮ ದೇಶ 2000ದಲ್ಲೇ ಸೀಸ ತೆಗೆಯಿತು, ಏವ್‌ಗ್ಯಾಸ್‌ನಲ್ಲಿ ಉಳಿದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೀಡ್ ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣವಿದೆ. 2021ರ ಅಧ್ಯಯನದಲ್ಲಿ ಅದರ ಹತ್ತಿರದ ಮಕ್ಕಳ ರಕ್ತದಲ್ಲಿ ದೂರದವರಿಗಿಂತ ಹೆಚ್ಚು ಸೀಸ ಕಂಡಿತು. 2022ರ ಜನವರಿ 1ರಿಂದ ಅಲ್ಲಿ ಸೀಸದ ಇಂಧನ ಮಾರುವುದನ್ನೇ ನಿಲ್ಲಿಸಿದರು. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆ ಇದ್ದರೂ ಒಳ್ಳೆಯದಲ್ಲ.

ಪ್ರಯಾಣಿಕರ ಎಟಿಆರ್ ವಿಮಾನ, ಟರ್ಬೈನ್ ಹೆಲಿಕಾಪ್ಟರ್‌ಗಳು ಬಳಸುವ ಇಂಧನ ಬೇರೆ, ಅದಕ್ಕೆ ಸೀಸ ಸೇರಿಸುವುದಿಲ್ಲ. ಹಾಗಾಗಿ ಇಲ್ಲೂ ಅದೇ ಪ್ರಶ್ನೆ ಮುಖ್ಯ: ಬರುವುದು ಪ್ರಯಾಣಿಕರ ವಿಮಾನವೋ, ತರಬೇತಿ ಶಾಲೆಯೋ?

## ಜಮೀನು, ಮರ, ನೀರು, ಆನೆ

ನನ್ನ ಮನೆ ಎರಡೇ ಮಹಡಿ. ಎತ್ತರದ ನಿಯಮ ನನಗ್ಯಾಕೆ?

ಬಯಲುಸೀಮೆಯಲ್ಲಾದರೆ ಈ ಪ್ರಶ್ನೆ ಸರಿ. ಕೊಡಗಿನಲ್ಲಿ ಅಲ್ಲ. ಎತ್ತರದ ಲೆಕ್ಕ ಹಾಕುವುದು ನಿಮ್ಮ ಅಂಗಳದಿಂದ ಅಲ್ಲ, ಸಮುದ್ರ ಮಟ್ಟದಿಂದ. ರನ್‌ವೇಯ ಸುತ್ತ ಕೆಲವು ಕಿಲೋಮೀಟರ್‌ವರೆಗೆ ರನ್‌ವೇ ಮಟ್ಟಕ್ಕಿಂತ 45 ಮೀಟರ್ ಮೇಲೆ ಏನೂ ಏಳಬಾರದು ಎಂಬುದು ಒಂದು ಮುಖ್ಯ ಮಿತಿ. ನಿಮ್ಮ ಜಾಗ ರನ್‌ವೇಗಿಂತ 40 ಮೀಟರ್ ಎತ್ತರದ ಗುಡ್ಡದಲ್ಲಿದ್ದರೆ ನಿಮಗೆ ಉಳಿಯುವುದು 5 ಮೀಟರ್. ಎರಡು ಮಹಡಿ, ಮೇಲೆ ನೀರಿನ ಟ್ಯಾಂಕ್ ಇಟ್ಟರೆ ಮಿತಿ ದಾಟಿತು. 2015ರ ಎತ್ತರ ಮಿತಿ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 20 ಕಿಲೋಮೀಟರ್‌ವರೆಗೆ ಇದನ್ನು ನೋಡುತ್ತಾರೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕಾಗಬಹುದು. ಮನೆ ಕಟ್ಟುವ ಯೋಚನೆ ಇರುವವರು ಸೈಟಿನ ಸಮುದ್ರ ಮಟ್ಟದ ಎತ್ತರವನ್ನು ಸರ್ವೆಯವರಿಂದ ಬರೆಸಿಕೊಳ್ಳಿ.

ಹಾಗಾದ್ರೆ ತೋಟದ ಸಿಲ್ವರ್ ಓಕ್ ಮರ?

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕು. ವಿಮಾನ ಇಳಿಯುವ ದಾರಿಯ ಕೆಳಗೆ ಮಿತಿ ಇನ್ನೂ ಬಿಗಿ. 800ರಿಂದ 1,200 ಮೀಟರ್ ವರ್ಗದ, ಇಳಿಸುವ ಉಪಕರಣಗಳಿಲ್ಲದ ಸಾದಾ ರನ್‌ವೇಗೆ ಆ ದಾರಿಯ ಇಳಿಜಾರು ನೂರಕ್ಕೆ 4. ಆ ಇಳಿಜಾರು ಶುರುವಾಗುವ ಜಾಗದಿಂದ 500 ಮೀಟರ್ ದೂರದಲ್ಲಿ, ಅದೇ ಮಟ್ಟದ ನೆಲದ ಮೇಲೆ, ಮರ 20 ಮೀಟರ್ ಮೀರಬಾರದು. ಚೆನ್ನಾಗಿ ಬೆಳೆದ ಸಿಲ್ವರ್ ಅದನ್ನು ಸಲೀಸಾಗಿ ದಾಟುತ್ತದೆ. ನಂದಿ, ಹೊನ್ನೆ, ಅತ್ತಿ ಮರಗಳೂ ಅಷ್ಟೇ.

ಮರದ ತುದಿ ಕಡಿಯಲು ಹೇಳಿದರೆ ಹೋಗುವುದು ಬರೀ ಮರವಲ್ಲ. ಅದಕ್ಕೆ ಹಬ್ಬಿದ ಕರಿಮೆಣಸು ಬಳ್ಳಿ ಹೋಗುತ್ತದೆ, ಕೆಳಗಿನ ಕಾಫಿಗೆ ಬೇಕಾದ ನೆರಳು ಹೋಗುತ್ತದೆ. ನೆರಳು ಹದ ಮಾಡಲು ಕೊಂಬೆ ಕಡಿಯುವ ಮರಗಸಿ ಮಾಡುವುದು ನಮಗೆ ಗೊತ್ತು, ಆದರೆ ಅದು ನಮ್ಮ ಗಿಡದ ಲೆಕ್ಕಕ್ಕೆ, ವಿಮಾನದ ಲೆಕ್ಕಕ್ಕಲ್ಲ. ಮರ ಕಡಿಸುವ, ಕಟ್ಟಡ ಇಳಿಸುವ ಅಧಿಕಾರ ಕಾನೂನಿನಲ್ಲಿ ಸರ್ಕಾರಕ್ಕೆ ಇದೆ, ಅದಕ್ಕೆ ಪರಿಹಾರ ಕೊಡಬೇಕು ಎಂಬುದೂ ಇದೆ. ಪರಿಹಾರ ಲೆಕ್ಕ ಹಾಕುವಾಗ ಬರೀ ಸೌದೆಯ ಬೆಲೆ ಹಿಡಿಯದಂತೆ ಬಳ್ಳಿಯ ಇಳುವರಿಯ ದಾಖಲೆ ಈಗಿನಿಂದಲೇ ಇಟ್ಟುಕೊಳ್ಳಿ.

ಗೋಡೆ ಕಟ್ಟಿದ ಮೇಲೆ ಆನೆ ಯಾವ ಕಡೆ ಹೋಗುತ್ತೆ?

ನಿಮ್ಮ ತೋಟದ ಕಡೆ. ಜೈಲಿಗೂ ಎತ್ತರದ ಗೋಡೆ, ಏರ್‌ಸ್ಟ್ರಿಪ್‌ಗೂ ಸುತ್ತ ಭದ್ರ ಬೇಲಿ. ಆನೆ ಅಲ್ಲಿಗೆ ಬಂದು ವಾಪಸ್ ಕಾಡಿಗೆ ಹೋಗುವುದಿಲ್ಲ, ಗೋಡೆ ಮುಗಿಯುವವರೆಗೆ ಪಕ್ಕದಲ್ಲೇ ನಡೆಯುತ್ತದೆ. ಗೋಡೆಯ ಮೂಲೆಯಲ್ಲಿ ಇರುವ ತೋಟ, ಗದ್ದೆ, ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಮೊದಲು ಬರುತ್ತದೆ. ಆನೆಕಾಡು, ದುಬಾರೆ, ಹಾರಂಗಿ ಹಿನ್ನೀರಿನ ಕಡೆಯ ಆನೆಗಳ ಓಡಾಟ ಅಲ್ಲಿನವರಿಗೆ ಬಾಯಿಪಾಠ. ಯಾವ ತಿಂಗಳು, ಯಾವ ಹೊತ್ತು, ಯಾವ ಹಳ್ಳ ದಾಟಿ ಬರುತ್ತವೆ ಎಂಬುದು ಯಾವ ನಕ್ಷೆಗಿಂತಲೂ ಸರಿಯಾಗಿ ಅವರಿಗೆ ಗೊತ್ತು. ಆ ತಿಳಿವಳಿಕೆಯನ್ನು ನಕ್ಷೆಯ ಮೇಲೆ ಗೆರೆ ಹಾಕಿ, ಅರಣ್ಯ ಇಲಾಖೆಯ ಮುಂದೆ ಇಡಿ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ ಇವು ಸರ್ಕಾರದ ಜಾಗಕ್ಕೆ ಮಾತ್ರ ಹಾಕಿ ನೆರೆಯವರನ್ನು ಬಿಟ್ಟರೆ ಆನೆ ಕಾಟ ಪಕ್ಕದವನಿಗೆ ದಾಟಿಸಿದ ಹಾಗೆ. ಇದನ್ನು ನಾನು ಒಪ್ಪುವುದೇ ಇಲ್ಲ.

ರನ್‌ವೇಯ ನೀರು ನಮ್ಮ ಗದ್ದೆಗೆ ಬಂದರೆ?

ಲೆಕ್ಕ ಹಾಕಿ ನೋಡೋಣ. 1 ಕಿಲೋಮೀಟರ್ ಉದ್ದ, 30 ಮೀಟರ್ ಅಗಲದ ಡಾಂಬರು ಎಂದರೆ 30,000 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಅದರ ಮೇಲೆ ಬೀಳುವ ನೀರು 30 ಲಕ್ಷ ಲೀಟರ್. ಮಣ್ಣು ಕುಡಿಯುತ್ತಿದ್ದ ನೀರೆಲ್ಲ ಚರಂಡಿಗೆ ಹರಿಯುತ್ತದೆ. 2018ರಲ್ಲೂ 2019ರಲ್ಲೂ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಯಾರೂ ಮರೆತಿಲ್ಲ. ಕೂಡಿಗೆಯಲ್ಲಿ ಹಾರಂಗಿ ಕಾವೇರಿಗೆ ಸೇರುತ್ತದೆ. ಎರಡೂ ಹೊಳೆ ತುಂಬಿದಾಗ ಚರಂಡಿಯ ನೀರು ಹೊಳೆಗೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಇಂಗುಕೆರೆ ಎಷ್ಟು, ಚರಂಡಿ ಯಾವ ಸರ್ವೆ ನಂಬರಿನ ಮೂಲಕ ಹೋಗುತ್ತದೆ, ಹೂಳು ತೆಗೆಯುವವರು ಯಾರು? ಜೈಲಿನ ವಿಷಯದಲ್ಲಿ ಇದರ ಜೊತೆ ಕೊಳಚೆ ನೀರಿನ ಶುದ್ಧೀಕರಣ, ಬೋರ್‌ವೆಲ್ ಎರಡನ್ನೂ ಕೇಳಬೇಕು. ನೂರಾರು ಜನ ದಿನವಿಡೀ ಇರುವ ಜಾಗ ಅದು.

ಸೈಟಿನ ಬೆಲೆ ಏರುತ್ತಾ, ಇಳಿಯುತ್ತಾ?

ಘೋಷಣೆ ಆದಾಗ ಏರುತ್ತದೆ. ಆಗ ಮಾರಲು ಬರುವವರಲ್ಲಿ ಎಷ್ಟೋ ಮಂದಿ ಊರಿನವರಾಗಿರುವುದಿಲ್ಲ. ಕೆಲಸ ನಿಂತರೆ ಬೆಲೆಯೂ ನಿಲ್ಲುತ್ತದೆ, ಸಾಲ ಮಾತ್ರ ನಿಲ್ಲುವುದಿಲ್ಲ. ಓಡಾಟ ಶುರುವಾದ ಮೇಲೆ ರಸ್ತೆ ಬದಿಯ ಜಾಗಕ್ಕೆ ಬೆಲೆ ಬರುತ್ತದೆ, ಇಳಿಯುವ ದಾರಿಯ ಕೆಳಗಿನ ಹೋಂಸ್ಟೇಗೆ ಪೆಟ್ಟು ಬೀಳುತ್ತದೆ. ಹಕ್ಕಿ ಕೂಗು ಕೇಳಲು ಬಂದವರು ಎಂಜಿನ್ ಕೇಳಲು ಮತ್ತೆ ಬರುವುದಿಲ್ಲ. ಜೈಲಿನ ಪಕ್ಕ ಮಾರುವಾಗ ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ಆದರೆ ಸಿಬ್ಬಂದಿ ಕುಟುಂಬಗಳಿಂದ ಬಾಡಿಗೆ ಮನೆಗೆ ಬೇಡಿಕೆ ಇರುತ್ತದೆ. ಸ್ವಂತಕ್ಕೆ ಇರಲು ಕೊಳ್ಳುವವರಿಗೆ ಜೈಲಿನ ಪಕ್ಕ ಕಡಿಮೆ ಬೆಲೆ ಒಳ್ಳೆಯ ಅವಕಾಶವೇ, ಸಿಗ್ನಲ್ ಮತ್ತು ನೀರು ಸರಿ ಇದ್ದರೆ.

ಊರಿನ ಹುಡುಗರಿಗೆ ಕೆಲಸ ಸಿಗುತ್ತಾ?

ಜೈಲಿನ ಕೆಲಸಕ್ಕೆ ನೇಮಕ ರಾಜ್ಯ ಮಟ್ಟದಲ್ಲಿ ನಡೆಯುತ್ತದೆ, ಪಕ್ಕದ ಊರಿನವರೆಂದು ಮೊದಲು ಕೊಡುವುದಿಲ್ಲ. ತರಕಾರಿ, ಹಾಲು, ಕ್ಯಾಂಟೀನ್, ಆಟೋ ಇವುಗಳಿಗೆ ಸ್ವಲ್ಪ ವ್ಯಾಪಾರ ಸಿಗಬಹುದು. ಏರ್‌ಸ್ಟ್ರಿಪ್‌ನಲ್ಲಿ ಕಾವಲು, ಸ್ವಚ್ಛತೆ, ಟ್ಯಾಕ್ಸಿ.

ಹಾರಾಟ ಉಳಿದರೆ ಮಾತ್ರ ಅದೂ ಉಳಿಯುತ್ತದೆ. ಸಣ್ಣ ಊರುಗಳಿಗೆ ವಿಮಾನ ಓಡಿಸುವ ಉಡಾನ್ ಯೋಜನೆಯ ಬಗ್ಗೆ ಸರ್ಕಾರದ ಲೆಕ್ಕ ಪರಿಶೀಲಿಸುವ ಸಿಎಜಿ 2023ರಲ್ಲಿ ವರದಿ ಕೊಟ್ಟಿತು. ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಿರಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ರಿಯಾಯಿತಿ ಅವಧಿ ಮುಗಿಸಿದ್ದು 112. ಟ್ಯಾಕ್ಸಿಗೆ ಸಾಲ ಮಾಡುವ ಮೊದಲು ಈ ಅಂಕಿಗಳನ್ನು ಮನೆಯಲ್ಲಿ ಕೂತು ಮಾತಾಡಿ.

## ಕಾನೂನು ಮತ್ತು ಕಾಗದ

ನಮ್ಮದು ಜಮ್ಮಾ ಜಾಗ, ಆರ್‌ಟಿಸಿಯಲ್ಲಿ ಅಜ್ಜನ ಕಾಲದ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರಿದೆ. ಜಾಗ ಹೋದರೆ ಪರಿಹಾರ ಯಾರಿಗೆ?

ಬೇರೆ ಜಿಲ್ಲೆಯವರಿಗೆ ಅರ್ಥವೇ ಆಗದ ತೊಡಕು ಇದು. ಜಾಗ ಇಡೀ ಒಕ್ಕದ್ದು, ಹೆಸರು ಒಬ್ಬರದ್ದು, ಅವರು ತೀರಿಹೋಗಿ ಎಷ್ಟೋ ವರ್ಷ. ಅನುಭವದಲ್ಲಿರುವವರ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಪರಿಹಾರದ ದುಡ್ಡು ಭೂಸ್ವಾಧೀನ ಪ್ರಾಧಿಕಾರದಲ್ಲೋ ಕೋರ್ಟಿನಲ್ಲೋ ಠೇವಣಿಯಾಗಿ ಕೂರುತ್ತದೆ. ಅಣ್ಣ ತಮ್ಮಂದಿರ ಜಗಳ ಶುರುವಾಗುವುದೂ ಅಲ್ಲಿಂದಲೇ.

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಹಳ್ಳಿ ಜಾಗಕ್ಕೆ ಮಾರುಕಟ್ಟೆ ಬೆಲೆಯನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸುತ್ತಾರೆ. ಅದಕ್ಕೆ ಜಾಗದ ಮೇಲಿನ ಮರ, ಗಿಡ, ಕಟ್ಟಡದ ಬೆಲೆ ಸೇರಿಸಿ, ಆ ಮೊತ್ತದಷ್ಟೇ ಇನ್ನೊಂದು ಪಾಲು ಸಾಂತ್ವನ ಧನ ಕೊಡುತ್ತಾರೆ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಅಧಿಸೂಚನೆಗೆ ಕಾಯದೆ ಈಗಲೇ ಒಕ್ಕದ ವಂಶವೃಕ್ಷ, ಯಾರ ಅನುಭವದಲ್ಲಿ ಎಷ್ಟು ಎಂಬ ಒಪ್ಪಂದ, ಸರ್ವೆ ನಕ್ಷೆ ತಯಾರು ಮಾಡಿ. ಐನ್‌ಮನೆ (ಒಕ್ಕದ ಮೂಲ ಮನೆ), ಕೈಮಡ (ಹಿರಿಯರ ಗುಡಿ), ದೇವಕಾಡು ಹತ್ತಿರ ಇದ್ದರೆ ಅವನ್ನೂ ನಕ್ಷೆಯಲ್ಲಿ ಗುರುತಿಸಿ.

ಸರ್ಕಾರಿ ಜಾಗದಲ್ಲಿ ಸರ್ಕಾರ ಕಟ್ಟಿದರೆ ನಮ್ಮನ್ನು ಕೇಳಬೇಕು ಅಂತ ಇದೆಯಾ?

ಏರ್‌ಸ್ಟ್ರಿಪ್ ವಿಷಯದಲ್ಲಿ ಬಹುಪಾಲು ಇದೆ. 2006ರ ಪರಿಸರ ಅಧಿಸೂಚನೆಯಲ್ಲಿ ವಾಣಿಜ್ಯ ಬಳಕೆಯ ಏರ್‌ಸ್ಟ್ರಿಪ್‌ಗಳೂ ವಿಮಾನ ನಿಲ್ದಾಣಗಳ ಪಟ್ಟಿಯಲ್ಲೇ ಬರುತ್ತವೆ. ಅಂದರೆ ಪರಿಸರ ಪರಿಣಾಮ ವರದಿ, ಸಾರ್ವಜನಿಕ ಅಹವಾಲು ಎರಡೂ ಬೇಕು. ಅಹವಾಲಿಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇಂಧನ ತುಂಬುವ ವ್ಯವಸ್ಥೆ, ವಿಮಾನ ಸಂಚಾರ ನಿಯಂತ್ರಣ ಇಲ್ಲದ ಏರ್‌ಸ್ಟ್ರಿಪ್‌ಗೆ ಮಾತ್ರ ವಿನಾಯಿತಿ ಇದೆ. ಹಾಗಾಗಿ "ಇದು ತೀರಾ ಸಣ್ಣದು, ಅಹವಾಲು ಬೇಡ" ಎಂದು ಹೇಳಿದರೆ ಇಂಧನ ತುಂಬುವುದಿಲ್ಲವೆಂದು ಬರೆದು ಕೊಡಲು ಕೇಳಿ. ನಾಳೆ ಟ್ಯಾಂಕ್ ತಂದಿಟ್ಟರೆ ಆ ಕಾಗದ ಬೇಕಾಗುತ್ತದೆ.

ಜೈಲಿನ ಕಟ್ಟಡ 20,000 ಚದರ ಮೀಟರ್‌ಗೆ ಮೀರಿದರೆ ಪರಿಸರ ಅನುಮತಿ ಬೇಕು, ಸಾರ್ವಜನಿಕ ಅಹವಾಲು ಕಡ್ಡಾಯ ಅಲ್ಲ. ಅಲ್ಲಿ ನಮ್ಮ ಕೈಯಲ್ಲಿರುವುದು ಗ್ರಾಮಸಭೆಯ ನಿರ್ಣಯ ಮತ್ತು ಮಾಹಿತಿ ಹಕ್ಕು ಅರ್ಜಿ.

ಅಹವಾಲಿನ ದಿನ ಎದ್ದು ನಿಂತು ಏನು ಹೇಳಲಿ? ನನಗೆ ಭಾಷಣ ಬರಲ್ಲ.

ಭಾಷಣ ಬೇಡ. "ನಮಗೆ ಬೇಡ" ಎಂದರೆ ಒಂದು ಸಾಲಿನಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ, ಬರೆದು ತನ್ನಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ತರಬೇತಿ ಶಾಲೆಗೆ ಅವಕಾಶ ಇದೆಯೇ, ಇದ್ದರೆ ದಿನಕ್ಕೆ ಎಷ್ಟು ಹಾರಾಟ? ಬೆಳಿಗ್ಗೆ ಎಷ್ಟು ಗಂಟೆಗೆ ಮೊದಲು ಹಾರುವುದಿಲ್ಲ? ಸುತ್ತು ಹಾಕುವ ದಾರಿಯನ್ನು ಶಾಲೆಗಳ ಮೇಲಿಂದ ತಪ್ಪಿಸಿ ಹೊಳೆಯ ಮೇಲೆ ಇಡಬಹುದೇ? ರನ್‌ವೇಯನ್ನು ಮುಂದೆ ಉದ್ದ ಮಾಡುವ ಯೋಚನೆ ಇದೆಯೇ?

ಕೊನೆಯ ಪ್ರಶ್ನೆ ಬಿಡಲೇಬೇಡಿ. ಮೈಸೂರಿನ ಮಂಡಕಳ್ಳಿಯಲ್ಲಿ ರನ್‌ವೇ 1,740 ಮೀಟರ್ ಇದೆ. ಅದನ್ನು ಉದ್ದ ಮಾಡಲು ಪಕ್ಕದ ನಂಜನಗೂಡು ಹೆದ್ದಾರಿ, ಮತ್ತಷ್ಟು ಜಮೀನು ಎಲ್ಲವೂ ಚರ್ಚೆಗೆ ಬಂದಿವೆ. ಕುಶಾಲನಗರದ ಕಡೆ ನೆಲವೇ ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಮೇಲಿದೆ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳು, ವಿಮಾನ ಏಳಲು ಉದ್ದ ಓಡಬೇಕು. ಪ್ರತಿ 300 ಮೀಟರಿಗೆ ರನ್‌ವೇ ಉದ್ದ ನೂರಕ್ಕೆ 7ರಷ್ಟು ಹೆಚ್ಚಿಸುವುದು ರೂಢಿ. ಸಮುದ್ರ ಮಟ್ಟದಲ್ಲಿ 1,200 ಮೀಟರ್ ಸಾಕಾದ ವಿಮಾನಕ್ಕೆ ಇಲ್ಲಿ 1,400 ಮೀಟರ್ ಮೀರಿ ಬೇಕು. ಆ ಹೆಚ್ಚಿನ ಜಾಗ ಯಾವ ದಿಕ್ಕಿನಲ್ಲಿ, ಯಾರ ಸರ್ವೆ ನಂಬರಿನಲ್ಲಿ ಎಂದು ಮೊದಲೇ ತೋರಿಸಲಿ.

ಈಗಾಗಲೇ ಪಕ್ಕದಲ್ಲೇ ಇದ್ದೀವಿ, ಸದ್ದು ತಡೆಯೋಕಾಗ್ತಿಲ್ಲ. ಯಾರಿಗೆ ಹೇಳೋದು?

ಒಂದು ನೋಟ್‌ಬುಕ್ ಇಡಿ. ದಿನಾಂಕ, ಗಂಟೆ, ಯಾವ ಬಗೆಯ ವಿಮಾನ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು, ಮನೆಯಲ್ಲಿ ಏನಾಯಿತು ಎಂದು ಆಗಿನದ್ದನ್ನು ಆಗಲೇ ಬರೆಯಿರಿ. ಫೋನಿನ ಡೆಸಿಬಲ್ ಆ್ಯಪ್ ಸಾಕ್ಷಿ ಆಗುವುದಿಲ್ಲ, ಆದರೆ ಅಧಿಕಾರಿಗಳು ಅಳತೆ ಮಾಡಲು ಯಾವ ಹೊತ್ತಿಗೆ ಬರಬೇಕು ಎಂದು ತೋರಿಸುತ್ತದೆ. ದೂರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗೂ ಏರ್‌ಸ್ಟ್ರಿಪ್ ನಡೆಸುವವರಿಗೂ ಒಟ್ಟಿಗೆ ಕಳಿಸಿ. ಒಬ್ಬರೇ ಬರೆದದ್ದಕ್ಕಿಂತ ಒಂದೇ ಸಾಲಿನ ಐದಾರು ಮನೆಯವರು ಬರೆದ ನೋಟ್‌ಬುಕ್‌ಗಳು ತಾಳೆಯಾದರೆ ತೂಕ ಜಾಸ್ತಿ. ಬೇರೆಯವರಿಂದ ಬರೆಸುವಾಗ ಲೈನ್ ಮನೆಯವರನ್ನು ಬಿಡಬೇಡಿ. ತೆಳು ಶೀಟಿನ ಮಾಡಿನ ಕೆಳಗೆ ಮಲಗುವವರು ಅವರು, ಸದ್ದು ಅವರಿಗೇ ಎಲ್ಲರಿಗಿಂತ ಜಾಸ್ತಿ ಕೇಳಿಸುತ್ತದೆ.